ಮಂಪರು ಎಷ್ಟು ಆಳ ಬೇಕು? ಸೆಡೇಶನ್‌ಗೆ ಒಪ್ಪುವ ಮುನ್ನ

ಅಮ್ಮನಿಗೆ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವ ತಪಾಸಣೆ, ಆಗಬೇಕೆಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ನನಗೆ ಪ್ರಜ್ಞೆ ತಪ್ಪಿಸುತ್ತೀರಾ?" ವೈದ್ಯರು "ಇಲ್ಲಮ್ಮ, ಸೆಡೇಶನ್ ಕೊಡುತ್ತೇವೆ ಅಷ್ಟೇ" ಎಂದರು. ಅಮ್ಮ ನನ್ನ ಮುಖ ನೋಡಿದಳು. "ಸ್ವಲ್ಪ ಹೊತ್ತು ನಿದ್ದೆ ಬರಿಸುತ್ತಾರೆ" ಎಂದು ನಾನು ಅರ್ಥ ಹೇಳಿಬಿಟ್ಟೆ. ಮರುದಿನ ಬಾಗಿಲ ಹೊರಗೆ ಕುಳಿತಿದ್ದಾಗ ಒಳಗಿನಿಂದ ಅವಳ ಧ್ವನಿ ಕೇಳುತ್ತಲೇ ಇತ್ತು. ಮಗ್ಗುಲು ಬದಲಿಸಿ ಎಂದರೆ "ಹೂಂ" ಎನ್ನುತ್ತಿದ್ದಳು. ಒಮ್ಮೆ ಹೊಟ್ಟೆ ಹಿಡಿದುಕೊಂಡಿತೆಂದು ನರಳಿದಳು. ಔಷಧ ಹತ್ತಲೇ ಇಲ್ಲವೇನೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಅರ್ಧ ಗಂಟೆಯ ಮೇಲೆ ಗಾಲಿಮಂಚದಲ್ಲಿ ಹೊರಗೆ ಬಂದವಳು ನನ್ನ ಕೈ ಹಿಡಿದು ಕೇಳಿದಳು: "ಯಾವಾಗ ಶುರು ಮಾಡುತ್ತಾರಂತೆ?"

ಔಷಧ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ತಪ್ಪಿದ್ದು ನಾನು ಹೇಳಿದ ಅರ್ಥ. ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗೆ ಇಂಥ ತಪಾಸಣೆ ಬಂದರೂ ನಾನು ಕೇಳುವ ಪ್ರಶ್ನೆಗಳೇ ಬೇರೆ: ಎಷ್ಟು ಆಳದ ಮಂಪರು, ಯಾವ ಔಷಧದಿಂದ, ಅಷ್ಟು ಹೊತ್ತೂ ಉಸಿರಿನ ಮೇಲೆ ಕಣ್ಣಿಟ್ಟಿರುವವರು ಯಾರು? ಆಯ್ಕೆ ನಿಂತಿರುವುದು ಈ ಮೂರರ ಮೇಲೆ.

ಪದದ ಗೊಂದಲ

ಸೆಡೇಶನ್ ಎಂಬುದು ಲ್ಯಾಟಿನ್‌ನ 'ಸೆಡಾರೆ' ಎಂಬ ಕ್ರಿಯಾಪದದಿಂದ ಬಂದದ್ದು. ಶಾಂತಗೊಳಿಸು, ತಣಿಸು ಎಂದು ಅದರ ಅರ್ಥ. ಔಷಧ ಕೊಟ್ಟು ಮನಸ್ಸಿನ ತಳಮಳವನ್ನು ಇಳಿಸುವುದು, ಎಚ್ಚರವನ್ನು ಬೇಕಾದಷ್ಟೇ ಮಂದಗೊಳಿಸುವುದು ಸೆಡೇಶನ್. ಅಂಥ ಔಷಧವನ್ನು ವೈದ್ಯಕೀಯ ಕನ್ನಡದಲ್ಲಿ ಶಾಮಕ ಎನ್ನುತ್ತಾರೆ. ಆಡುಮಾತಿನಲ್ಲಿ ಮಾತ್ರ ನಾವು ಕೈಗೆ ಸಿಕ್ಕ ಪದವನ್ನು ಬಳಸುತ್ತೇವೆ. 'ಮತ್ತು' ಎಂದರೆ ಅಮಲಿನ ನೆನಪಾಗಿ ಹಿರಿಯರು ಮುಜುಗರಪಡುತ್ತಾರೆ. 'ಅರಿವಳಿಕೆ' ಎಂಬ ಪದದಲ್ಲಿಯೇ ಅರಿವು ಅಳಿಯುವ ಮಾತಿದೆ. ಅದು ಅನಸ್ತೇಶಿಯಾಕ್ಕೆ ಚೆನ್ನಾಗಿ ಹೊಂದುತ್ತದೆ, ಸೆಡೇಶನ್‌ಗೆ ಅಲ್ಲ. ನಾನು ಹೇಳಿದ 'ನಿದ್ದೆ' ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಪದ. ನಿದ್ದೆಯಲ್ಲಿರುವವರನ್ನು ಅಲುಗಿಸಿದರೆ ಏಳುತ್ತಾರೆ, ಗಂಟಲಿಗೆ ಏನಾದರೂ ಇಳಿದರೆ ಕೆಮ್ಮುತ್ತಾರೆ. ಔಷಧದ ಮಂಪರು ಆಳವಾದಷ್ಟೂ ಈ ಕಾವಲು ಸಡಿಲವಾಗುತ್ತದೆ, ಆ ಹೊಣೆ ಪಕ್ಕದಲ್ಲಿ ನಿಂತವರ ಮೇಲೆ ಬೀಳುತ್ತದೆ. ನನಗೆ ಒಪ್ಪುವುದು ಮಂಪರು ಎಂಬ ಪದ. ಕರೆದರೆ ಓಗೊಡುವ, ಬಿಟ್ಟರೆ ಮತ್ತೆ ಜಾರುವ ಸ್ಥಿತಿ ಅದರಲ್ಲಿ ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಶಾಂತವಾಗಿರುವುದು ಬೇರೆ, ನೋವಿಲ್ಲದಿರುವುದು ಬೇರೆ. ಮಿಡಜೋಲಾಮ್‌ನಂಥ ಶಾಮಕಕ್ಕೆ ನೋವು ಕಳೆಯುವ ಗುಣವೇ ಇಲ್ಲ. ಅದು ಹೆದರಿಕೆ ಇಳಿಸುತ್ತದೆ, ಆ ಹೊತ್ತಿನ ನೆನಪು ಉಳಿಯದಂತೆ ಮಾಡುತ್ತದೆ. ಅಮ್ಮ ನರಳಿದ್ದು ನಿಜ, ಅವಳಿಗೆ ಅದು ನೆನಪಿಲ್ಲದ್ದೂ ನಿಜ. ಆದ್ದರಿಂದಲೇ ನೋವಾಗುವ ಕೆಲಸಕ್ಕೆ ಶಾಮಕದ ಜೊತೆ ಫೆಂಟನಿಲ್‌ನಂಥ ನೋವುನಿವಾರಕವನ್ನೋ, ಆ ಜಾಗವನ್ನಷ್ಟೇ ಮರಗಟ್ಟಿಸುವ ಸ್ಥಳೀಯ ಅರಿವಳಿಕೆಯನ್ನೋ ಸೇರಿಸುತ್ತಾರೆ. "ಸೆಡೇಶನ್ ಕೊಡುತ್ತೇವೆ" ಎಂದಾಗ "ನೋವಿಗೆ ಏನು ಕೊಡುತ್ತೀರಿ?" ಎಂದು ಬೇರೆಯಾಗಿಯೇ ಕೇಳಬೇಕು.

ನಾಲ್ಕು ಆಳಗಳು

ಅಮೆರಿಕದ ಅರಿವಳಿಕೆ ತಜ್ಞರ ಸಂಘವು 1999ರಲ್ಲಿ ಒಪ್ಪಿದ ವಿಂಗಡಣೆಯಲ್ಲಿ ನಾಲ್ಕು ಹಂತಗಳಿವೆ. ಅವುಗಳನ್ನು ನೆನಪಿಡಲು ಒಂದೇ ಪರೀಕ್ಷೆ ಸಾಕು: ಹೆಸರು ಹಿಡಿದು ಕರೆದರೆ ಏನಾಗುತ್ತದೆ?

ಲಘು ಸೆಡೇಶನ್‌ನಲ್ಲಿ ಕರೆದ ಕೂಡಲೇ ಎಂದಿನಂತೆ ಉತ್ತರ ಬರುತ್ತದೆ. ಎದೆಬಡಿತ, ಉಸಿರು ಯಾವುದೂ ಬದಲಾಗುವುದಿಲ್ಲ, ಆತಂಕ ಮಾತ್ರ ಇಳಿದಿರುತ್ತದೆ. ಮಧ್ಯಮ ಹಂತದಲ್ಲಿ ಕಣ್ಣು ಮುಚ್ಚಿರಬಹುದು, ಆದರೆ ಕರೆದರೆ ಅಥವಾ ಭುಜ ಮುಟ್ಟಿದರೆ ಅರ್ಥಪೂರ್ಣವಾಗಿ ಪ್ರತಿಕ್ರಿಯಿಸುತ್ತಾರೆ. ಉಸಿರು ತಾನಾಗಿಯೇ ಸಾಗುತ್ತದೆ. ಅಮ್ಮ ಇದ್ದದ್ದು ಇಲ್ಲಿ. ಆಳವಾದ ಸೆಡೇಶನ್‌ನಲ್ಲಿ ಮತ್ತೆ ಮತ್ತೆ ಕರೆಯಬೇಕು, ಇಲ್ಲವೇ ನೋವಾಗುವಂತೆ ಒತ್ತಬೇಕು. ಉಸಿರು ಸಾಲದೆ ಹೋಗಬಹುದು, ನಾಲಿಗೆ ಹಿಂದಕ್ಕೆ ಬಿದ್ದು ದಾರಿ ಮುಚ್ಚಬಹುದು, ಯಾರಾದರೂ ಗದ್ದ ಎತ್ತಿ ಹಿಡಿಯಬೇಕಾಗಬಹುದು. ನಾಲ್ಕನೆಯದು ಪೂರ್ಣ ಅರಿವಳಿಕೆ: ನೋವಾದರೂ ಎಚ್ಚರವಿಲ್ಲ, ಉಸಿರಾಟಕ್ಕೆ ಬಹುತೇಕ ನೆರವು ಬೇಕೇ ಬೇಕು.

ಇವುಗಳನ್ನು ಬಾಗಿಲು ಹಾಕಿದ ನಾಲ್ಕು ಕೋಣೆಗಳೆಂದು ತಿಳಿಯಬಾರದು. ಇದು ಜಾರುವ ಇಳಿಜಾರು. ಒಬ್ಬರಿಗೆ ಮಧ್ಯಮವಾಗುವ ಪ್ರಮಾಣ ಇನ್ನೊಬ್ಬರಿಗೆ, ಅದರಲ್ಲೂ ವಯಸ್ಸಾದವರಿಗೆ, ಆಳವಾಗಿಬಿಡುತ್ತದೆ. ಆದ್ದರಿಂದ ಔಷಧ ಕೊಡುವವರು ತಾವು ಉದ್ದೇಶಿಸಿದ್ದಕ್ಕಿಂತ ಒಂದು ಹಂತ ಕೆಳಕ್ಕೆ ಜಾರಿದ ರೋಗಿಯನ್ನು ಮೇಲೆತ್ತಬಲ್ಲವರಾಗಿರಬೇಕು. ಮಧ್ಯಮ ಸೆಡೇಶನ್ ಕೊಡುವವರಿಗೆ ಆಳವಾದದ್ದನ್ನು ನಿಭಾಯಿಸಲು ಬರಬೇಕು. ನನಗೆ ಇಡೀ ವಿಂಗಡಣೆಯಲ್ಲಿ ಅತಿ ಮುಖ್ಯವೆನಿಸಿದ ಮಾತು ಇದು.

ಯಾವ ಔಷಧ ಏನು ಮಾಡುತ್ತದೆ

ಮಿಡಜೋಲಾಮ್ ನಿಧಾನಸ್ಥ. ರಕ್ತನಾಳಕ್ಕೆ ಕೊಟ್ಟ ಮೇಲೆ ಕೆಲವು ನಿಮಿಷಗಳಲ್ಲಿ ಕೆಲಸ ತೋರಿಸುತ್ತದೆ, ಮಂಕು ಕೆಲವು ಗಂಟೆ ಎಳೆಯುತ್ತದೆ. ಅದರ ದೊಡ್ಡ ಅನುಕೂಲ, ಪ್ರತ್ಯೌಷಧವಿರುವುದು. ಫ್ಲುಮಾಜೆನಿಲ್ ಕೊಟ್ಟರೆ ರೋಗಿ ಬೇಗ ಎಚ್ಚರಗೊಳ್ಳುತ್ತಾರೆ. ಆದರೆ ಫ್ಲುಮಾಜೆನಿಲ್‌ನ ಪ್ರಭಾವ ಮಿಡಜೋಲಾಮ್‌ಗಿಂತ ಮೊದಲೇ ತೀರುವುದರಿಂದ ಮಂಪರು ಮತ್ತೆ ಕವಿಯಬಹುದು. ಅದನ್ನು ಕೊಟ್ಟರೆಂದರೆ ಬೇಗ ಮನೆಗೆ ಹೋಗಬಹುದು ಎಂದಲ್ಲ, ಇನ್ನಷ್ಟು ಹೊತ್ತು ಕಣ್ಗಾವಲಿನಲ್ಲಿ ಇರಬೇಕು ಎಂದರ್ಥ. ಕೆಲವರಲ್ಲಿ ಈ ಔಷಧ ತಿರುಗುಬಾಣವಾಗುವುದೂ ಉಂಟು: ಶಾಂತವಾಗುವ ಬದಲು ಕೆರಳಿ ಒದ್ದಾಡುತ್ತಾರೆ. ಹಿಂದೆ ಹಾಗಾಗಿದ್ದರೆ ಮೊದಲೇ ಹೇಳಬೇಕು. ಫೆಂಟನಿಲ್ ಜೊತೆ ಸೇರಿದಾಗ ಎರಡೂ ಒಟ್ಟಾಗಿ ಉಸಿರನ್ನು ಕುಗ್ಗಿಸುತ್ತವೆ, ಒಂದೊಂದೇ ಕೊಟ್ಟಾಗಿನ ಅಪಾಯಕ್ಕಿಂತ ಕೂಡಿದ್ದರ ಅಪಾಯ ಹೆಚ್ಚು.

ಪ್ರೊಪೊಫಾಲ್ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ಪುಟ್ಟ ಗಾಜಿನ ಸೀಸೆಯಲ್ಲಿ ಹಾಲಿನಷ್ಟೇ ಬೆಳ್ಳಗೆ ಕಾಣುತ್ತದೆ. ನೀರಿನಲ್ಲಿ ಕರಗದ ಔಷಧವನ್ನು ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ ಸೇರಿಸಿ ಹದಗೊಳಿಸಿರುವುದೇ ಆ ಬಣ್ಣಕ್ಕೆ ಕಾರಣ. ಎರಡು ವರ್ಷದ ಹಿಂದೆ ನನಗೇ ಎಂಡೋಸ್ಕೋಪಿಯಾದಾಗ ಅದನ್ನು ಕೊಟ್ಟರು. ಮುಂಗೈಯಿಂದ ಮೊಣಕೈವರೆಗೆ ಸಣ್ಣಗೆ ಉರಿ ಹತ್ತಿತು. ಮೇಲಿದ್ದ ದೀಪದ ಸುತ್ತಲಿನ ತಿರುಪುಗಳನ್ನು ಎಣಿಸತೊಡಗಿದ್ದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಯಾರೋ ನನ್ನ ಹೆಸರು ಕರೆಯುತ್ತಿದ್ದರು, ಎಲ್ಲ ಮುಗಿದಿತ್ತು. ಅರ್ಧ ನಿಮಿಷದಲ್ಲಿ ಹಿಡಿಯುತ್ತದೆ, ಕೊಡುವುದನ್ನು ನಿಲ್ಲಿಸಿದ ಹತ್ತು ನಿಮಿಷದೊಳಗೆ ಬಹುತೇಕ ಬಿಡುತ್ತದೆ, ತಲೆಯೂ ತಿಳಿಯಾಗಿರುತ್ತದೆ. ರೋಗಿಯ ಅನುಭವವನ್ನಷ್ಟೇ ನೋಡಿದರೆ ಇದಕ್ಕೆ ಸಾಟಿಯಿಲ್ಲ. ಆದರೆ ಅದೇ ವೇಗದಲ್ಲಿ ಉಸಿರನ್ನೂ ನಿಲ್ಲಿಸಬಲ್ಲದು, ರಕ್ತದೊತ್ತಡವನ್ನು ಇಳಿಸುತ್ತದೆ, ಇದಕ್ಕೆ ಪ್ರತ್ಯೌಷಧವಿಲ್ಲ. ಅಳತೆ ತಪ್ಪಿದರೆ ಔಷಧ ಇಳಿಯುವವರೆಗೂ ಕೈಯಿಂದ ಉಸಿರು ಕೊಡುತ್ತಾ ಕಾಯುವುದೊಂದೇ ದಾರಿ. 2009ರಲ್ಲಿ ಗಾಯಕ ಮೈಕೆಲ್ ಜಾಕ್ಸನ್ ತೀರಿಕೊಂಡದ್ದು ಮನೆಯಲ್ಲಿ ನಿದ್ದೆಗೆಂದು ಕೊಟ್ಟ ಇದೇ ಔಷಧದಿಂದ. ಮಿಡಜೋಲಾಮ್‌ಗಿಂತ ಪ್ರೊಪೊಫಾಲ್ ಮೇಲೋ ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಉಸಿರಿನ ದಾರಿ ಕಾಯಬಲ್ಲ ಅರಿವಳಿಕೆ ತಜ್ಞರು ಅದಕ್ಕೆಂದೇ ಪಕ್ಕದಲ್ಲಿದ್ದರೆ ಹೌದು, ಇಲ್ಲದಿದ್ದರೆ ಬೇಡವೇ ಬೇಡ.

ನಗೆ ಅನಿಲವೆಂದೇ ಹೆಸರಾದ ನೈಟ್ರಸ್ ಆಕ್ಸೈಡ್ ಅತ್ಯಂತ ಹಳೆಯದು. ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ಕಂಡುಹಿಡಿದ ಈ ಅನಿಲವನ್ನು 1844ರಲ್ಲಿ ದಂತವೈದ್ಯ ಹೊರೇಸ್ ವೆಲ್ಸ್ ತನ್ನದೇ ಹಲ್ಲು ಕೀಳಿಸಿಕೊಂಡು ಪರೀಕ್ಷಿಸಿದ. ಆಮ್ಲಜನಕದೊಡನೆ ಬೆರೆಸಿ ಮೂಗಿನ ಮುಸುಕಿನ ಮೂಲಕ ಕೊಡುತ್ತಾರೆ. ಸೂಜಿಯ ಭಯವಿರುವವರಿಗೆ, ಹಲ್ಲಿನ ಕುರ್ಚಿಯಲ್ಲಿ ಬೆವರುವವರಿಗೆ ಇದಕ್ಕಿಂತ ಸೌಮ್ಯವಾದದ್ದು ಬೇರೆ ಕಾಣೆ. ಕೊನೆಯಲ್ಲಿ ಐದು ನಿಮಿಷ ಬರೀ ಆಮ್ಲಜನಕ ಕೊಟ್ಟರೆ ಪ್ರಭಾವ ಇಳಿದುಹೋಗುತ್ತದೆ. ಮೂಗು ಕಟ್ಟಿದ್ದರೆ ಪ್ರಯೋಜನವಿಲ್ಲ. ಕಣ್ಣಿನೊಳಗೆ ಅನಿಲದ ಗುಳ್ಳೆ ಇಟ್ಟ ಶಸ್ತ್ರಚಿಕಿತ್ಸೆ ಇತ್ತೀಚೆಗೆ ಆಗಿದ್ದರೆ ಇದು ಸಲ್ಲದು, ಏಕೆಂದರೆ ಆ ಗುಳ್ಳೆಯನ್ನು ಹಿಗ್ಗಿಸಿ ದೃಷ್ಟಿಗೇ ಸಂಚಕಾರ ತರಬಲ್ಲದು. ಬಿ12 ಜೀವಸತ್ವದ ಕೊರತೆ ಇರುವವರೂ ಹೇಳಬೇಕು.

ಕೆಟಮಿನ್ ಬೇರೆಯದೇ ಜಾತಿ. 1962ರಲ್ಲಿ ಸಂಶ್ಲೇಷಿಸಿದ ಈ ಔಷಧ ನೋವನ್ನೂ ಕಳೆಯುತ್ತದೆ, ಉಸಿರನ್ನೂ ಹೆಚ್ಚಾಗಿ ಹಾಗೆಯೇ ಉಳಿಸುತ್ತದೆ. ತುರ್ತು ವಿಭಾಗದಲ್ಲಿ ಮಗುವಿನ ಮುರಿದ ಮೂಳೆ ಕೂರಿಸುವಾಗ ಇದನ್ನು ಆರಿಸುವುದು ಅದಕ್ಕೇ. ಆದರೆ ತಂದೆತಾಯಿಗೆ ಮೊದಲೇ ತಿಳಿಸದಿದ್ದರೆ ಕಂಡದ್ದು ಎದೆ ಒಡೆಸುತ್ತದೆ: ಮಗುವಿನ ಕಣ್ಣು ತೆರೆದೇ ಇರುತ್ತವೆ, ಗುಡ್ಡೆಗಳು ಅತ್ತಿತ್ತ ಓಲಾಡುತ್ತವೆ, ಬಾಯಿಯಿಂದ ಜೊಲ್ಲು ಸುರಿಯುತ್ತದೆ, ಕರೆದರೆ ಮಗು ನೋಡುವುದೇ ಇಲ್ಲ. ಅದು ಔಷಧದ ಗುಣ. ಎಚ್ಚರವಾಗುವಾಗ ಕೆಟ್ಟ ಕನಸು ಕಂಡವರಂತೆ ಬೆಚ್ಚುವುದೂ ಉಂಟು, ದೊಡ್ಡವರಲ್ಲಿ ಹೆಚ್ಚು. ರಕ್ತದೊತ್ತಡ ಏರಿಸುವುದರಿಂದ ಹೃದ್ರೋಗಿಗಳಲ್ಲಿ ಎಚ್ಚರ ಬೇಕು.

ಡೆಕ್ಸ್‌ಮೆಡಿಟೊಮಿಡಿನ್ ಕೊಟ್ಟಾಗಿನ ಸ್ಥಿತಿ ಸಹಜ ನಿದ್ದೆಗೆ ಎಲ್ಲಕ್ಕಿಂತ ಹತ್ತಿರ. ತಟ್ಟಿದರೆ ಎಚ್ಚರ, ಬಿಟ್ಟರೆ ನಿದ್ದೆ, ಉಸಿರಿಗೆ ತೊಂದರೆ ಕಡಿಮೆ. ಆದರೆ ಎದೆಬಡಿತವನ್ನು ನಿಧಾನಿಸುತ್ತದೆ, ಹತ್ತಲೂ ಇಳಿಯಲೂ ಹೊತ್ತು ಬೇಕು.

ಯಾವುದಕ್ಕೆ ಯಾವುದು

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು: ಸೆಡೇಶನ್ ಇಲ್ಲದೆಯೇ ಆಗುತ್ತದೆಯೇ? ಹೊಟ್ಟೆಯ ಎಂಡೋಸ್ಕೋಪಿ ಬರೀ ತಪಾಸಣೆಗಾದರೆ ಹತ್ತು ನಿಮಿಷದ ಕೆಲಸ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆಸಿಕೊಂಡು, ಮೂಗಿನಿಂದ ಉಸಿರಾಡುತ್ತಾ ಮಾಡಿಸಿಕೊಂಡವರು ಆಮೇಲೆ ತಾವೇ ವಾಹನ ಓಡಿಸಿಕೊಂಡು ಹೋಗಬಹುದು. ಓಕರಿಕೆ ಹೆಚ್ಚಿರುವವರಿಗೆ, ಹಿಂದೆ ಒಮ್ಮೆ ಕಷ್ಟಪಟ್ಟವರಿಗೆ ಇದು ಬೇಡ, ಉಳಿದವರು ಯೋಚಿಸಬಹುದು. ಕೊಲೊನೋಸ್ಕೋಪಿ ಹೆಚ್ಚು ಹೊತ್ತಿನದು, ಕರುಳು ತಿರುಗುವ ಕಡೆ ಎಳೆತದ ನೋವಿರುತ್ತದೆ. ಅಲ್ಲಿ ಮಿಡಜೋಲಾಮ್ ಜೊತೆ ಫೆಂಟನಿಲ್, ಇಲ್ಲವೇ ತಜ್ಞರ ಕೈಯಲ್ಲಿ ಪ್ರೊಪೊಫಾಲ್.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಆಳವಾದ ಮಂಪರು ಕೇಳುವವರಿದ್ದಾರೆ. ಕಣ್ಣಿಗೆ ಸೂಕ್ಷ್ಮ ಉಪಕರಣ ಹೋಗಿರುವಾಗ ಎಚ್ಚರವಿದ್ದು ಅಲುಗಾಡದೆ ಇರುವುದೇ ಕ್ಷೇಮ. ಅರೆನಿದ್ದೆಯಲ್ಲಿದ್ದವರು ಬೆಚ್ಚಿ ತಲೆ ಎತ್ತಿದರೆ ಅನಾಹುತ. ಮರಗಟ್ಟಿಸುವ ಹನಿ, ಬೇಕಿದ್ದರೆ ಲಘು ಶಾಮಕ, ಅಷ್ಟು ಸಾಕು.

ಎಂಆರ್‌ಐನಲ್ಲಿ ನೋವೇ ಇಲ್ಲ. ಇರುವುದು ಇಕ್ಕಟ್ಟು ಮತ್ತು ಕಿವಿಗಡಚಿಕ್ಕುವ ಸದ್ದು. ದೊಡ್ಡವರಿಗೆ ಒಂದು ಮಾತ್ರೆ, ಕಿವಿಗೆ ಬಿರಡೆ, ಕಣ್ಣಿಗೆ ಬಟ್ಟೆ ಸಾಕಾಗುವುದೇ ಹೆಚ್ಚು. ಚಿಕ್ಕ ಮಕ್ಕಳು ಅಷ್ಟು ಹೊತ್ತು ಅಲುಗದೆ ಮಲಗಲಾರರು, ಅವರಿಗೆ ಆಳವಾದ ಸೆಡೇಶನ್ ಬೇಕಾಗುತ್ತದೆ. ಕೆಲವು ತಿಂಗಳ ಕೂಸಿಗೆ ಹಾಲೂಡಿಸಿ, ಬಿಗಿಯಾಗಿ ಸುತ್ತಿ, ಸಹಜ ನಿದ್ದೆಯಲ್ಲಿಯೇ ಮಾಡಿ ಮುಗಿಸುವುದೂ ಉಂಟು. ಸಾಧ್ಯವಿದ್ದಲ್ಲಿ ಅದನ್ನೇ ಮೊದಲು ಪ್ರಯತ್ನಿಸಿ ಎಂದು ನಾನು ಕೇಳಿಕೊಳ್ಳುತ್ತೇನೆ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿ ಅಥವಾ ಪದೇ ಪದೇ ಇಂಥ ಔಷಧ ಕೊಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಕೆ ನೀಡಿತ್ತು. ಆ ಹೆದರಿಕೆಗೆ ಅಗತ್ಯವಾದ ಒಂದು ಸಣ್ಣ ತಪಾಸಣೆಯನ್ನು ಮುಂದೂಡಬೇಕಿಲ್ಲ. ಶೈಶವದಲ್ಲಿ ಒಂದು ಗಂಟೆಗಿಂತ ಕಡಿಮೆ ಅರಿವಳಿಕೆ ಪಡೆದ ಮಕ್ಕಳನ್ನು ಐದು ವರ್ಷ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿದೆ.

ಸಿರಪ್ ರೂಪದ ಶಾಮಕದ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. "ಮನೆಯಲ್ಲಿಯೇ ಕುಡಿಸಿ ಕರೆತನ್ನಿ" ಎಂದರೆ ಒಪ್ಪಬೇಡಿ. ದಾರಿಯಲ್ಲಿ ಕಾರಿನ ಆಸನದಲ್ಲಿ ತಲೆ ಮುಂದಕ್ಕೆ ಬಾಗಿ ಮಲಗಿದ ಮಗುವಿನ ಉಸಿರಿನ ದಾರಿ ಸದ್ದಿಲ್ಲದೆ ಮುಚ್ಚಿಹೋಗಬಹುದು. ಔಷಧ ಕೊಡಬೇಕಾದದ್ದು ಆಸ್ಪತ್ರೆಯೊಳಗೆ, ನೋಡಿಕೊಳ್ಳುವವರ ಕಣ್ಣೆದುರು.

ತೀವ್ರ ನಿಗಾ ಘಟಕದ ಲೆಕ್ಕವೇ ಬೇರೆ. ಅಲ್ಲಿ ಸೆಡೇಶನ್ ದಿನಗಟ್ಟಲೆ ಸಾಗುತ್ತದೆ, ಕೃತಕ ಉಸಿರಾಟದ ಕೊಳವೆಯನ್ನು ಸಹಿಸಲು ಅದು ಬೇಕು. ಆಳವಾಗಿ ಮಲಗಿಸಿಡುವುದೇ ದಯೆ ಎಂದು ಮನೆಯವರಿಗೆ ಅನಿಸುತ್ತದೆ. ಆದರೆ ದಿನಕ್ಕೊಮ್ಮೆ ಔಷಧ ನಿಲ್ಲಿಸಿ ಎಚ್ಚರಿಸಿ ನೋಡಿದವರು ಯಂತ್ರದಿಂದ ಬೇಗ ಬಿಡುಗಡೆಯಾದರೆಂದು 2000ದ ಅಧ್ಯಯನವೊಂದು ತೋರಿಸಿತು. ಅಲ್ಲಿಂದೀಚೆಗೆ ಒಲವು ಲಘು ಮಂಪರಿನತ್ತ ತಿರುಗಿದೆ. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಮಿಡಜೋಲಾಮ್‌ನ ಗುಂಪಿಗಿಂತ ಪ್ರೊಪೊಫಾಲ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್ ಮೇಲು ಎನ್ನುತ್ತದೆ. ಮಿಡಜೋಲಾಮ್ ಹೆಚ್ಚು ದಿನ ಸಾಗಿದರೆ ಬುದ್ಧಿಭ್ರಮಣೆಯ ಸಾಧ್ಯತೆ ಏರುತ್ತದೆ. ನಿಮ್ಮವರು ಅಲ್ಲಿದ್ದರೆ "ಇವತ್ತು ಎಚ್ಚರಿಸಿ ನೋಡಿದಿರಾ?" ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಒಪ್ಪುವ ಮುನ್ನ

ಗೊರಕೆ ಹೊಡೆಯುವವರು, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವವರು ಅದನ್ನು ನಾಚಿಕೆಯಿಲ್ಲದೆ ಹೇಳಬೇಕು. ಮಂಪರಿನಲ್ಲಿ ಮುಚ್ಚುವುದು ಅದೇ ದಾರಿ. ನಿದ್ರಾಮಾತ್ರೆ, ಮದ್ಯದ ಅಭ್ಯಾಸ, ಹಿಂದೆ ಅರಿವಳಿಕೆಯಲ್ಲಿ ಆದ ತೊಂದರೆ, ಮೊಟ್ಟೆಯ ಅಲರ್ಜಿ, ಅಲುಗಾಡುವ ಹಲ್ಲು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೊಟ್ಟೆ ಖಾಲಿ ಇರಬೇಕು: ಲಘು ಊಟ ಆರು ಗಂಟೆ ಮೊದಲು, ಜಿಡ್ಡಿನ ಊಟವಾದರೆ ಎಂಟು ಗಂಟೆ, ಎದೆಹಾಲು ನಾಲ್ಕು, ನೀರು ಎರಡು. ಮಧುಮೇಹಕ್ಕೋ ತೂಕ ಇಳಿಸಲೋ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ತೆಗೆದುಕೊಳ್ಳುವವರ ಹೊಟ್ಟೆ ತಡವಾಗಿ ಖಾಲಿಯಾಗುತ್ತದೆ, ಅದನ್ನು ಬಾಯಿಬಿಟ್ಟು ತಿಳಿಸಬೇಕು.

ಆಮೇಲೆ ಕಾವಲಿನ ಪ್ರಶ್ನೆ. ಎಂಡೋಸ್ಕೋಪಿ ಮಾಡುವ ವೈದ್ಯರ ಕಣ್ಣು ಪರದೆಯ ಮೇಲಿರುತ್ತದೆ. ಅದೇ ಹೊತ್ತಿಗೆ ಅವರೇ ಉಸಿರನ್ನೂ ಗಮನಿಸಲಾರರು, ಇನ್ನೊಬ್ಬರು ಬೇಕು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಎಲ್ಲೆಡೆ ಇದೆ, ಆದರೆ ಅದಕ್ಕೊಂದು ಮಿತಿಯಿದೆ. ಮೂಗಿಗೆ ಆಮ್ಲಜನಕ ಕೊಡುತ್ತಿದ್ದಾಗ ಉಸಿರು ನಿಂತ ಮೇಲೂ ಕೆಲವು ನಿಮಿಷ ಅಂಕಿ ಚೆನ್ನಾಗಿಯೇ ಇರಬಹುದು. ಹೊರಬರುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಉಸಿರು ತಪ್ಪಿದ ಕೂಡಲೇ ತಿಳಿಸುತ್ತದೆ. ಮಧ್ಯಮ ಮತ್ತು ಆಳವಾದ ಸೆಡೇಶನ್‌ಗೆ ಅದು ಇದೆಯೇ ಎಂದು ಕೇಳಿ. ಕೊಠಡಿಯ ಬಣ್ಣ, ಹಾಸಿಗೆಯ ಮೆತ್ತನೆಗಿಂತ ಈ ಒಂದು ಉತ್ತರ ನನಗೆ ಮುಖ್ಯ.

ಮನೆಗೆ ಬಂದ ಮೇಲೆ

24 ಗಂಟೆ ವಾಹನ ಓಡಿಸಬಾರದು, ಮದ್ಯ ಕೂಡದು, ಮುಖ್ಯ ಕಾಗದಪತ್ರಕ್ಕೆ ಸಹಿ ಹಾಕಬಾರದು, ಜೊತೆಗೆ ವಯಸ್ಕರೊಬ್ಬರು ಇರಬೇಕು. ಬರೀ ನಗೆ ಅನಿಲ ಪಡೆದವರಿಗೆ ಮಾತ್ರ ವೈದ್ಯರು ಪರೀಕ್ಷಿಸಿ ಬೇಗ ಬಿಡುವುದುಂಟು. ತಾನು ಸರಿಯಾಗಿದ್ದೇನೆ ಎಂದು ರೋಗಿಗೆ ಅನಿಸುವುದಕ್ಕೂ ನಿಜವಾಗಿ ಸರಿಯಾಗುವುದಕ್ಕೂ ನಡುವೆ ಗಂಟೆಗಳ ಅಂತರವಿದೆ.

ಅಮ್ಮನ ವಿಷಯದಲ್ಲಿ ನಾವು ಎಡವಿದ್ದು ಇಲ್ಲಿಯೇ. ಕರುಳಿನಲ್ಲಿ ಸಿಕ್ಕ ಸಣ್ಣ ಗಂಟೊಂದನ್ನು ತೆಗೆದಿದ್ದರು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮೂರು ದಿನ ಬಿಟ್ಟು ಶುರುಮಾಡಿ ಎಂದು ಅವಳಿಗೇ ವಿವರಿಸಿದ್ದರು. ನಾನು ಆಗ ಹಣ ಕಟ್ಟಲು ಹೋಗಿದ್ದೆ. ಅವಳು ತಲೆಯಾಡಿಸಿ "ಆಯಿತು" ಎಂದಿದ್ದಳಂತೆ, ಹೇಳಿದ್ದನ್ನು ತಿರುಗಿಯೂ ಹೇಳಿದ್ದಳಂತೆ. ಆ ರಾತ್ರಿ ಎಂದಿನಂತೆ ಮಾತ್ರೆ ನುಂಗಿದಳು. ಮರುದಿನ ಆಸ್ಪತ್ರೆಯಿಂದ ವಿಚಾರಿಸಲು ಫೋನ್ ಬಂದಾಗಲೇ ನಮಗೆ ಗೊತ್ತಾದದ್ದು. ಪುಣ್ಯಕ್ಕೆ ರಕ್ತಸ್ರಾವವಾಗಲಿಲ್ಲ. ಅವಳದ್ದೇನೂ ತಪ್ಪಿಲ್ಲ. ನೆನಪು ಉಳಿಯದಂತೆ ಔಷಧ ಕೊಟ್ಟು, ಅದು ಇಳಿಯುವ ಮೊದಲೇ ನೆನಪಿಡಬೇಕಾದದ್ದನ್ನು ಹೇಳಿದ್ದರು.

ಎರಡನೆಯ ಸಲ ನಾನು ಮಂಚದ ಪಕ್ಕದಿಂದ ಕದಲಲಿಲ್ಲ. ಹೇಳಿದ್ದನ್ನೆಲ್ಲ ಬರೆದುಕೊಂಡು, ಅವರಿಗೇ ಓದಿ ತೋರಿಸಿ, ಚೀಟಿಯನ್ನು ಅಮ್ಮನ ಮಾತ್ರೆಯ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದೆ. ಅದು ಇನ್ನೂ ಅಲ್ಲಿಯೇ ಇದೆ: ಮಿಡಜೋಲಾಮ್ 2 ಮಿಲಿಗ್ರಾಂ, ಫೆಂಟನಿಲ್ 50 ಮೈಕ್ರೋಗ್ರಾಂ, ಬೆಳಿಗ್ಗೆ 9.40. ರಕ್ತದ ಮಾತ್ರೆ ಶುಕ್ರವಾರ ರಾತ್ರಿಯಿಂದ.